ಬಸ್ಸಿನಲ್ಲಿ ಬರುತ್ತಿದ್ದ ದಪ್ಪ ರೊಟ್ಟಿ

ಹುಲುಗೇಶನಿಗೆ ಹದಿನೆಂಟು ತುಂಬಿತ್ತು. ಪ್ರೀತಿಯ ಬಗ್ಗೆ ತನಗೆ ತಿಳಿಯದ್ದು ಏನೂ ಇಲ್ಲ ಎಂದುಕೊಳ್ಳಲು ಅಷ್ಟು ವಯಸ್ಸು ಸಾಕು. ಬಳ್ಳಾರಿಯ ಜೀನ್ಸ್ ಕಾರ್ಖಾನೆಯೊಂದರಲ್ಲಿ ಹೊಲಿದ ಪ್ಯಾಂಟುಗಳ ದಾರದ ತುದಿ ಕತ್ತರಿಸುವುದು ಅವನ ಕೆಲಸ. ಕೇಳಿದವರಿಗೆ ಮಾತ್ರ ಫಿನಿಶಿಂಗ್ ನೋಡಿಕೊಳ್ಳುತ್ತೇನೆ ಎನ್ನುತ್ತಿದ್ದ.

ಊಟ ಸಿರುಗುಪ್ಪದ ಮನೆಯಿಂದಲೇ ಬರುತ್ತಿತ್ತು. ಬೆಳಗಿನ ಬಸ್ಸಿಗೆ ಅಲ್ಲಿ ಬುತ್ತಿ ಏರಿಸಿದರೆ ಇಲ್ಲಿ ನಿಲ್ದಾಣದಲ್ಲಿ ಇವನು ಇಳಿಸಿಕೊಳ್ಳಬೇಕು. ಕಾಲು ಮುರಿದುಕೊಂಡ ಅಜ್ಜಿಯನ್ನು ನೋಡಿಕೊಳ್ಳಲು ತಾಯಿ ಮಾರೆಮ್ಮ ಕುರುಗೋಡಿಗೆ ಹೋದ ಮೇಲೂ ಬುತ್ತಿ ತಪ್ಪಲಿಲ್ಲ. ರೊಟ್ಟಿ ಮಾತ್ರ ದಪ್ಪವಾದವು, ಅಂಚು ಬಿರಿದವು.

ಮನೆಯಲ್ಲಿ ಉಳಿದವನು ಅಪ್ಪ ಎರ್ರೆಪ್ಪ ಒಬ್ಬನೇ. ಹುಲುಗೇಶ ಕಾಲೇಜು ಬಿಟ್ಟಂದಿನಿಂದ ಮಗನೊಡನೆ ಮಾತು ಬಿಟ್ಟವನು. ಕುಡಿಯುವ ನೀರನ್ನೂ ತಾನಾಗಿ ತೆಗೆದುಕೊಂಡವನಲ್ಲ. ಅಂದಮೇಲೆ ಇದು ಪಕ್ಕದ ಮನೆಯ ಹುಡುಗಿ ಸುಧಾರಾಣಿಯ ಕೈಯೇ ಎಂದು ಹುಲುಗೇಶ ತೀರ್ಮಾನಿಸಿದ. ರೊಟ್ಟಿ ಮಾಡಿಕೊಡಲು ಆಕೆಗೆ ಹೇಳಿ ಬಂದಿದ್ದೇನೆ ಎಂದು ಅಮ್ಮನೂ ಫೋನಿನಲ್ಲಿ ಅಂದಿದ್ದಳು. ರೊಟ್ಟಿ ಕರಕಲಾಗಿದ್ದರೆ ತನ್ನ ನೆನಪಲ್ಲಿ ಮೈಮರೆತಿದ್ದಾಳೆ, ಉಪ್ಪು ಹೆಚ್ಚಿದ್ದರೆ ಅತ್ತಿದ್ದಾಳೆ ಎಂದು ಅರ್ಥ ಹಚ್ಚಿ, ದವಡೆ ನೋಯುತ್ತಿದ್ದರೂ ಚೂರು ಬಿಡದೆ ತಿಂದ.

ಒಂದು ಭಾನುವಾರ, ಹೇಳಿಯೇಬಿಡಬೇಕೆಂದು, ಇದ್ದುದರಲ್ಲಿ ಹೊಸ ಪ್ಯಾಂಟು ತೊಟ್ಟು ಊರಿಗೆ ಹೊರಟ. ಅವಳು ಒಲ್ಲೆ ಎಂದರೆ ಓಣಿಯಲ್ಲಿ ತಲೆ ಎತ್ತುವಂತಿಲ್ಲ. ಸುಧಾರಾಣಿ ನಲ್ಲಿಯ ಹತ್ತಿರವೇ ಸಿಕ್ಕಳು. ರೊಟ್ಟಿ ಬಹಳ ಚೆನ್ನಾಗಿರುತ್ತವೆ ಎಂದು ಶುರುಮಾಡಿದ.

"ಸುಳ್ಳು ಹೇಳಬ್ಯಾಡಲೇ," ಎಂದಳು ಅವಳು ಕೊಡ ಎತ್ತುತ್ತಾ. "ಮೊದಲ ದಿನ ಅಷ್ಟ ನಾ ಬಡಿದಿದ್ದು. ನಿಮ್ಮಪ್ಪ ಮಗ್ಗಲದಾಗ ನಿಂತು ನೋಡಿ, ನಾಳಿಂದ ಬರಬ್ಯಾಡವ್ವಾ, ನಾನ ಮಾಡ್ತೀನಿ ಅಂದ. ಆ ರೊಟ್ಟಿನ ನಮ್ಮ ಎಮ್ಮಿನೂ ಮೂಸಂಗಿಲ್ಲ."

ಹುಲುಗೇಶನಿಗೆ ನಾಚಿಕೆಗಿಂತ ಮೊದಲು ನಿರಾಳವಾಯಿತು. ಇನ್ನೊಂದು ಮಾತು ಆಡಿದ್ದರೆ ಮುಗಿದಿತ್ತು ಕಥೆ. ಮನೆಯತ್ತ ನಡೆಯುವಾಗ ಇನ್ನೊಂದು ಹಗುರವೂ ಸೇರಿಕೊಂಡಿತು: ಅಪ್ಪ ತನ್ನನ್ನು ಕೈಬಿಟ್ಟಿಲ್ಲ. ಹುಡುಗಿಯದೆಂದುಕೊಂಡಾಗ ಪ್ರೀತಿ ಎನಿಸಿದ್ದು, ಅಪ್ಪನದೆಂದು ತಿಳಿದ ಮೇಲೂ ಬರೀ ರೊಟ್ಟಿಯಾಗಲಿಲ್ಲವಲ್ಲ ಎಂದು ಅವನಿಗೇ ಸೋಜಿಗ.

ಎರ್ರೆಪ್ಪ ಒಲೆಯ ಮುಂದೆ ಮೊಣಕೈತನಕ ಹಿಟ್ಟು ಮಾಡಿಕೊಂಡು ಕುಳಿತಿದ್ದ. ಮಗನನ್ನು ಕಂಡು ಹಂಚಿನ ಕಡೆ ತಿರುಗಿದ. ರೊಟ್ಟಿ ಮಗುಚಿ ಹಾಕಿ, ಗೋಡೆಗೆ ಹೇಳಿದಂತೆ ಕೇಳಿದ:

"ಗಟ್ಟಿ ಆಗ್ಯಾವೇನಲೇ?"

"ಆಗ್ಯಾವಪ್ಪ. ಹಿಟ್ಟಿಗಿ ಕುದಿಯೋ ನೀರು ಹಾಕಬೇಕು."

"ಹಂಗಾದ್ರ ನೀನ ಹಾಕು ಬಾ," ಎಂದು ಎರ್ರೆಪ್ಪ ಸರಿದು ಜಾಗ ಕೊಟ್ಟ.