ಹಸಿದ ಯೀಸ್ಟಿನ ಸೀಸೆ

ಬದುಕಿದ್ದ ಯೀಸ್ಟನ್ನು ಸತ್ತದ್ದೆಂದು ತೀರ್ಮಾನಿಸಿ, ಶಹಾಪುರದ ನಮ್ಮ ಕಾಲೇಜಿನ ಜೀವಶಾಸ್ತ್ರದ ಅಧ್ಯಾಪಕಿಯ ಪ್ರಯೋಗವನ್ನು ಆಡಳಿತ ಮಂಡಳಿಯವರು ಮೋರಿಗೆ ಚೆಲ್ಲಿಸಿದರು. ಚೆಲ್ಲಿದ ಕೈ ನನ್ನದು. ಆಗ ನಾನು ಅಲ್ಲಿ ಪ್ರಾಚಾರ್ಯನಾಗಿದ್ದೆ.

ಆಕೆ ರಂಗಂಪೇಟೆಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಜೀವಕೋಶದೊಳಗೆ ಆದೇಶ ಒಯ್ಯುವ ಸಂದೇಶವಾಹಕ ಆರ್‌ಎನ್‌ಎ ವಿವರಿಸುವಾಗ ‘ಈ ಪ್ರೋಟೀನ್ ಮಾಡು’ ಎಂದು ಚೀಟಿ ಬರೆದು, ಮಡಚಿ, ಕೈಗಡಿಯಾರದ ಪಟ್ಟಿಯೊಳಗೆ ಸಿಕ್ಕಿಸಿಕೊಳ್ಳುತ್ತಿದ್ದರು. “ಸಕ್ಕರಿ ಸಿಗಲಿಲ್ಲಂದ್ರ ಯೀಸ್ಟ್ ಚೀಟಿ ಓದೂದು ನಿಲ್ಲಿಸ್ತದ. ಆದ್ರ ಎಲ್ಲಾ ಹರಿದು ಒಗಿಯಂಗಿಲ್ಲ, ಒಂದಿಷ್ಟು ಎತ್ತಿಡ್ತದ,” ಎಂಬುದು ಪ್ರತಿ ವರ್ಷದ ಮಾತು.

ಅದನ್ನು ತೋರಿಸಲೆಂದೇ ಒಂದು ಸೀಸೆಯ ಯೀಸ್ಟನ್ನು ಉಪವಾಸ ಕೆಡವಿದ್ದರು. ಮರುದಿನ ವಿದ್ಯಾರ್ಥಿಗಳೆದುರು ಸಕ್ಕರೆ ಹಾಕಿದಾಗ ಅದು ಮತ್ತೆ ನೊರೆಗಟ್ಟಬೇಕಿತ್ತು.

ಆ ಮರುದಿನ ಬೆಳಿಗ್ಗೆ ಆಕೆಯ ಬಸ್ಸು ಬರುವ ಮುನ್ನವೇ ಮಂಡಳಿಯವರು ತಪಾಸಣೆಗೆ ಬಂದರು. ಅಧ್ಯಕ್ಷರು ನೊರೆಯಿಲ್ಲದ ಆ ಸೀಸೆಯ ಹುಳಿ ವಾಸನೆಗೆ ಮೂಗು ಮುಚ್ಚಿಕೊಂಡು, “ಏನ್ರಿ ಪ್ರಿನ್ಸಿಪಾಲರ, ಇದು ಕಾಲೇಜೋ ಸಿಂದಿ ಅಂಗಡಿಯೋ? ಸತ್ತದ್ದನ್ನ ಯಾಕ ಇಟ್ಕೊಂಡೀರಿ?” ಎಂದರು. ಉಳಿದವರು ನಕ್ಕರು. ಸೀಸೆಯ ಮೇಲೆ ಆಕೆ ಅಂಟಿಸಿದ್ದ ‘ಚೆಲ್ಲಬೇಡಿ’ ಎಂಬ ಬರಹವನ್ನು ಸ್ಪಷ್ಟವಾಗಿ ಓದಿಯೂ, ನಾನೂ ನಕ್ಕು, ಅದನ್ನು ಬರಿದು ಮಾಡಿದೆ.

ಸಕ್ಕರೆಯ ಪೊಟ್ಟಣ ಹಿಡಿದು ಬಂದ ಆಕೆ ಖಾಲಿ ಸೀಸೆ ನೋಡಿ, “ಸತ್ತಿದ್ದಿಲ್ರಿ ಸರ್, ಹಸ್ದಿತ್ತು ಅಷ್ಟ,” ಎಂದರು. ಮುಂದೆಂದೂ ಆ ಪ್ರಯೋಗ ಇಡಲಿಲ್ಲ.

ಮಂಡಳಿಯ ಮಹನೀಯರೇ, ನಾನಂತೂ ಹೇಡಿಯಾಗಿದ್ದೆ. ಬದುಕಿದೆಯೋ ಸತ್ತಿದೆಯೋ ಎಂದು ಆಕೆಯನ್ನು ಒಂದು ಮಾತು ಕೇಳಲು ನಿಮಗೆ ಅಡ್ಡ ಬಂದದ್ದೇನು?