ಆಕೆಯ ಸೀರೆಗಳಿಂದ ಹೊಲಿದ ಐದು ಕೌದಿ

ಎದುರು ಮನೆಯ ಸೊಸೆಯನ್ನು ಉಳಿಸಿಕೊಳ್ಳಬೇಕೆಂದು ನಮ್ಮ ಓಣಿಯ ಹೆಂಗಸರೆಲ್ಲ ಸೇರಿ ಕೌದಿ ಹೊಲಿದು ಮಾರಿದೆವು. ಉಳಿಸಿಕೊಳ್ಳಲು ಆಗಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಓದುವವರನ್ನು ಸುಮ್ಮನೆ ಆಸೆಯಲ್ಲಿ ಕೂರಿಸುವುದು ನನಗೆ ಹಿಡಿಸುವುದಿಲ್ಲ. ಆಸೆಯಲ್ಲಿ ಕೂತವರಿಗೆ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದ್ದೇನೆ.

ನಾನು ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಕಲಿಸಿದವಳು. ನಿವೃತ್ತಿಯಾದ ಮೇಲೂ ಶಲವಡಿ ಬಿಟ್ಟು ಹೋಗಲಿಲ್ಲ. ಊರವರು ಈಗಲೂ ನನ್ನನ್ನು ಅಕ್ಕೋರ ಎಂದೇ ಕರೆಯುತ್ತಾರೆ. ನಾನೂ ಈಗಲೂ ಎಲ್ಲರನ್ನೂ ಮೂರನೆಯ ಇಯತ್ತೆಯ ಮಕ್ಕಳೆಂದೇ ತಿಳಿದು ಗದರಿಸುತ್ತೇನೆ. ನನ್ನ ಬಾಯಿಗೆ ಹೆದರಿ ಓಣಿಯ ಹೆಂಗಸರು ಎದುರು ಮಾತಾಡುವುದಿಲ್ಲ. ಇದು ನನಗೆ ಒಂದು ಕಾಲಕ್ಕೆ ಹೆಮ್ಮೆಯ ವಿಷಯವಾಗಿತ್ತು.

ಆ ಸೊಸೆ ಗುಡಗೇರಿಯಿಂದ ಮದುವೆಯಾಗಿ ಬಂದವಳು. ನಾನು ಗದರಿಸಿದರೆ ನಗುತ್ತಿದ್ದವಳು ಅವಳೊಬ್ಬಳೇ. ಅವಳಿಗೆ ಒಬ್ಬಳೇ ಮಗಳು, ಐದನೆಯ ಇಯತ್ತೆ. ಗಂಡ ಬಾಡಿಗೆ ಟ್ರ್ಯಾಕ್ಟರ್ ಓಡಿಸುತ್ತಾನೆ. ಆಕೆಗೆ ಮೂವತ್ತೈದು ತುಂಬುವ ಮೊದಲೇ ಎರಡೂ ಕಿಡ್ನಿ ಕೆಟ್ಟವು. ವಾರಕ್ಕೆ ಎರಡು ಸಲ ಅತ್ತೆಯನ್ನು ಕರೆದುಕೊಂಡು ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರುತ್ತಿದ್ದಳು. ಹೋಗುವಾಗ ಊದಿಕೊಂಡಿರುತ್ತಿದ್ದ ಮುಖ ಬರುವಾಗ ಬತ್ತಿಹೋಗಿರುತ್ತಿತ್ತು. ಹೀಗೆ ಎರಡು ವರ್ಷ ನಡೆಯಿತು.

ಆಮೇಲೆ ಆಕೆಯ ಅಕ್ಕ ತನ್ನದೊಂದು ಕಿಡ್ನಿ ಕೊಡಲು ಮುಂದೆ ಬಂದಳು. ತಪಾಸಣೆಯಲ್ಲಿ ಹೊಂದಿಕೆಯೂ ಆಯಿತು. ಇನ್ನು ಆಪರೇಶನ್ನಿಗೆ, ಅದರ ನಂತರ ಜೀವನಪರ್ಯಂತ ನುಂಗುವ ಔಷಧಕ್ಕೆ ರೊಕ್ಕ ಬೇಕಾಗಿತ್ತು. ಗಂಡ ಓಡಾಡಿ ಒಂದಿಷ್ಟು ಹೊಂದಿಸಿದ. ಉಳಿದದ್ದಕ್ಕೆ ಏನು ಮಾಡುವುದೆಂದು ಎಲ್ಲರೂ ಕೈಕಟ್ಟಿ ಕೂತಾಗ ಕೌದಿ ಮಾರುವ ವಿಚಾರ ತಂದವಳು ನಾನೇ. ಪೇಟೆಯವರು ಈಗ ಕೌದಿಯನ್ನು ಹುಡುಕಿಕೊಂಡು ಕೊಳ್ಳುತ್ತಾರೆಂದು ಪೇಪರಿನಲ್ಲಿ ಓದಿದ್ದೆ.

"ಕೌದಿ ಮಾರೂದೇನ್ರಿ?" ಎಂದು ಅತ್ತೆ ಬಾಯಿ ಮೇಲೆ ಸೆರಗು ಇಟ್ಟುಕೊಂಡಳು.

ಆಕೆಯ ಸಂಕೋಚ ನನಗೆ ಅರ್ಥವಾಗುತ್ತಿತ್ತು. ನಮ್ಮಲ್ಲಿ ಕೌದಿ ಮಾರುವ ಸಾಮಾನಲ್ಲ. ಮನೆಯವರು ಉಟ್ಟು ಹಣ್ಣಾದ ಸೀರೆ, ಧೋತರಗಳನ್ನು ಪದರಪದರವಾಗಿ ಹಾಸಿ ಹೊಲಿದು, ಮನೆಯವರೇ ಹೊದ್ದುಕೊಳ್ಳುವುದು. ಬಾಣಂತಿಗೆ ಕೊಟ್ಟರೆ ಅದೂ ಸ್ವಂತ ಮಗಳಿಗೆ. ಪರರು ಮನೆಗೆ ಬಂದರೆ ನವಲಗುಂದದ ಜಮಖಾನ ಹಾಸುತ್ತೇವೆಯೇ ಹೊರತು ಕೌದಿಯನ್ನು ಒಳಗೆ ಸರಿಸಿಬಿಡುತ್ತೇವೆ. ಉಟ್ಟು ಬಿಟ್ಟ ಅರಿವೆಯನ್ನು ಪರರ ಮೈಮೇಲೆ ಹಾಕುವುದೆಂದರೆ ಅವರನ್ನು ಹಗುರ ಮಾಡಿದ ಹಾಗೆ.

ಆದ್ದರಿಂದ ಮರುದಿನ ಅತ್ತೆ ಹೇಗೋ ಮನಸ್ಸು ಗಟ್ಟಿಮಾಡಿ ಹಳೆಯ ಧೋತರಗಳ ಗಂಟು ಹೊತ್ತು ಬಂದಾಗ ನಾನೇ ರೇಗಿದೆ. "ಧರ್ಮದ ಕೆಲಸಕ್ಕ ಉಟ್ಟು ಬಿಟ್ಟ ಅರಿವಿ ತರತೀರೇನು? ರೊಕ್ಕ ಕೊಟ್ಟು ತಗೊಳ್ಳೋರಿಗೆ ಮರ್ಯಾದಿ ಬ್ಯಾಡೇನು?" ಎಂದೆ. ಆಕೆ ಗಂಟನ್ನು ಹಾಗೇ ಮನೆಗೆ ಹೊತ್ತುಕೊಂಡು ಹೋದಳು. ನಾವು ಅಣ್ಣಿಗೇರಿಗೆ ಹೋಗಿ ಹೊಸ ಬಟ್ಟೆ ತಂದೆವು. ಮಿರಿಮಿರಿ ಮಿಂಚುವ ಕೆಂಪು, ಹಸಿರು, ಅರಿಸಿನ ಬಣ್ಣ. ಎಲ್ಲರೂ ಮುಟ್ಟಿ ಮುಟ್ಟಿ ನೋಡಿ ಅಗದಿ ಚಂದ ಅಂದರು.

ಒಬ್ಬಳು ಮಾತ್ರ ಅನ್ನಲಿಲ್ಲ. ಹಿಂದಿನ ಓಣಿಯಲ್ಲಿ ಪಿಂಜಾರ ಮನೆತನದ ಒಬ್ಬ ಮುದುಕಿ ಇದ್ದಾಳೆ. ಗಾದಿ, ಕೌದಿ ಯಾವುದಿದ್ದರೂ ಊರಿಗೇ ಆಕೆ ಗುರು. ಎಲ್ಲರೂ ಆಯಿ ಎನ್ನುತ್ತೇವೆ. ಆಕೆ ಬಟ್ಟೆಯನ್ನು ಬೆರಳಿನ ನಡುವೆ ತಿಕ್ಕಿ ನೋಡಿ, "ಅಕ್ಕೋರ, ಇದರಾಗ ಸೂಜಿ ಓಡಂಗಿಲ್ರಿ. ಪದರು ಒಂದರ ಮ್ಯಾಲೊಂದು ಕೂಡಂಗಿಲ್ಲ, ಜಾರತಾವ" ಅಂದಳು.

"ಕೂಡಸ್ರಿ ಆಯಿ, ನಿಮಗ ಬರಲಾರದ್ದು ಏನೈತಿ?" ಎಂದು ನಾನು ಆಕೆಯ ಬಾಯಿ ಮುಚ್ಚಿಸಿದೆ.

ನನ್ನ ಪಡಸಾಲೆಯಲ್ಲಿ ಎರಡು ತಿಂಗಳು ಹೊಲಿದೆವು. ಮಧ್ಯಾಹ್ನದ ಊಟ ಮುಗಿದ ಮೇಲೆ ಹೆಂಗಸರು ಒಬ್ಬೊಬ್ಬರಾಗಿ ಬರುತ್ತಿದ್ದರು. ಕೌದಿಯ ನಾಲ್ಕೂ ಬದಿಗೆ ಕೂತು ಅಂಚಿನಿಂದ ನಡುವಿನತ್ತ ಹೊಲಿಯುತ್ತ ಬರುವುದು ಪದ್ಧತಿ. ಬೆರಳಿಗೆ ಚಿಂದಿ ಸುತ್ತಿಕೊಂಡರೂ ಸೂಜಿ ಚುಚ್ಚುತ್ತಿತ್ತು. ಡಯಾಲಿಸಿಸ್ ಇಲ್ಲದ ದಿನ ಆಕೆಯೂ ಬಂದು ಗೋಡೆಗೆ ಆತು ಕೂರುತ್ತಿದ್ದಳು. "ನನ್ನ ಸಲುವಾಗಿ ಇಷ್ಟು ಮಂದಿ ಬಳ್ಳಾಗಿಂದ ರಕ್ತಾ ತಗದ್ರಿ, ದವಾಖಾನ್ಯಾಗರ ಕೊಟ್ಟಿದ್ರ ಉಪಯೋಗ ಆಗತಿತ್ತು" ಎಂದು ನಗಿಸುತ್ತಿದ್ದಳು. ಆ ಎರಡು ತಿಂಗಳು ನಮಗೆಲ್ಲ ಆಕೆ ಬದುಕುತ್ತಾಳೆ ಎಂದೇ ಅನಿಸಿತ್ತು.

ಹುಬ್ಬಳ್ಳಿಯಲ್ಲಿ ಒಂದು ಕಲ್ಯಾಣಮಂಟಪದಲ್ಲಿ ಕೈಕಸುಬಿನ ಪ್ರದರ್ಶನ ಇತ್ತು. ರೋಗಿಯ ಸಹಾಯಕ್ಕೆಂದು ಹೇಳಿದ್ದಕ್ಕೆ ನಮಗೊಂದು ಮೇಜು ಬಿಟ್ಟಿಯಾಗಿ ಕೊಟ್ಟರು. ನಾನು, ಅತ್ತೆ, ಆಯಿ ಮೂವರೂ ಹನ್ನೆರಡು ಕೌದಿ ಹೊತ್ತುಕೊಂಡು ಹೋದೆವು. ಬಂದವರು ಮುಟ್ಟುತ್ತಿದ್ದರು, ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದರು. "ಪಾಲಿಸ್ಟರ್ ಅಲ್ವಾ?" ಎನ್ನುತ್ತಿದ್ದರು. ನಾನು ರೋಗಿಯ ವಿಷಯ ಹೇಳಲು ಶುರುಮಾಡಿದರೆ ಬಾಜು ಮೇಜಿನ ಬಳೆ ನೋಡಲು ಸರಿಯುತ್ತಿದ್ದರು. ಸಂಜೆತನಕ ಮಾರಿದ್ದು ಒಂದು. ಅದನ್ನು ಕೊಂಡ ಹಿರಿಯರು ಬಿಚ್ಚಿಯೂ ನೋಡಲಿಲ್ಲ, ಪಾಪ ಎಂದು ಕೊಂಡರು. ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಗಂಟು ಕಟ್ಟುವ ಹೊತ್ತಿಗೆ ಬೆಂಗಳೂರಿನ ಕಡೆಯವಳೊಬ್ಬಳು ಬಂದಳು. ಮೇಜಿನ ಮೇಲಿದ್ದದ್ದನ್ನು ನೋಡಲೇ ಇಲ್ಲ. ಮೇಜಿನ ಕೆಳಗಿದ್ದುದಕ್ಕೆ ಕೈ ತೋರಿಸಿ ಅದರ ಬೆಲೆ ಕೇಳಿದಳು. ಅದು ಹೊಸ ಕೌದಿಗಳನ್ನು ಗಂಟು ಕಟ್ಟಿ ತರಲು ನಾನು ಬಳಸಿದ್ದ ನಮ್ಮ ಅವ್ವನ ಕೌದಿ. ಹಣ್ಣಾಗಿ, ಬಣ್ಣ ಹೋಗಿ, ಮುಟ್ಟಿದರೆ ಬೆಣ್ಣೆ.

"ಅದು ಮಾರಾಕಲ್ರಿ ಬಾಯಾರ, ಗಂಟು ಕಟ್ಟೂದು" ಎಂದು ಆಯಿ ನಕ್ಕಳು.

ಆಕೆ ನಗಲಿಲ್ಲ. ಹನ್ನೊಂದು ಹೊಸ ಕೌದಿಗೆ ನಾವು ಕೇಳುತ್ತಿದ್ದುದಕ್ಕಿಂತ ಹೆಚ್ಚಿನ ಬೆಲೆಯನ್ನು ಆ ಒಂದಕ್ಕೇ ಹೇಳಿದಳು. ಹಳೆಯ ಹತ್ತಿ ಸೀರೆಯವು ಇಂಥವೇ ಇನ್ನೂ ಐದು ಮಾಡಿಕೊಟ್ಟರೆ ಅಷ್ಟೇ ಬೆಲೆಗೆ ಒಯ್ಯುತ್ತೇನೆ ಎಂದಳು. ನಾನು ಒಂದು ಗಳಿಗೆ ನಿಂತೆ, ಆಮೇಲೆ ಕೊಟ್ಟುಬಿಟ್ಟೆ. ಹನ್ನೊಂದು ಕೌದಿಗಳನ್ನು ಗೊಬ್ಬರದ ಚೀಲದಲ್ಲಿ ತುಂಬಿಕೊಂಡು ಬಸ್ಸು ಹತ್ತಿದೆವು. ಬಸ್ಸಿನಲ್ಲಿ ನನಗೆ ದುಃಖವಾಗಲಿಲ್ಲ, ಸೊಕ್ಕು ಬಂತು. ನಾನೇ ನಮ್ಮವ್ವಂದು ಕೊಟ್ಟಿದ್ದೇನೆ, ಇನ್ನು ಯಾರು ಇಲ್ಲ ಅನ್ನುತ್ತಾರೆ ನೋಡೋಣ ಎಂದುಕೊಂಡೆ.

ಮರುದಿನ ಮನೆಮನೆಗೆ ಹೋಗಿ ಕೇಳಿದೆ. ಇಲ್ಲ ಅನ್ನಲು ಯಾರಿಗೂ ಧೈರ್ಯವಿರಲಿಲ್ಲ, ಆದರೆ ಕೊಡಲು ಏನೂ ಇರಲಿಲ್ಲ. ಹತ್ತಿ ಬೆಳೆಯುವ ಊರಿನಲ್ಲಿ ಹತ್ತಿ ಸೀರೆ ಉಡುವವರೇ ಇಲ್ಲ. ತೊಳೆದರೆ ಬೇಗ ಒಣಗುತ್ತದೆ, ಇಸ್ತ್ರಿ ಬೇಡ ಎಂದು ಎಲ್ಲರೂ ನೈಲಾನಿಗೆ ಹೋಗಿ ಎಷ್ಟೋ ವರ್ಷಗಳಾದವು.

ಹತ್ತಿ ಸೀರೆ ಇದ್ದದ್ದು ಎದುರು ಮನೆಯ ಸೊಸೆಯ ಹತ್ತಿರ. ಕಿಡ್ನಿ ಬೇನೆಗೆ ಮೈಯೆಲ್ಲ ತುರಿಕೆ. ಬೇರೆ ಯಾವ ಅರಿವೆಯೂ ತಾಳುತ್ತಿರಲಿಲ್ಲ. ಎರಡು ವರ್ಷ ಹತ್ತಿಯನ್ನೇ ಉಟ್ಟು, ಒಗೆದು ಒಗೆದು ಸೀರೆಗಳು ಮೆತ್ತಗಾಗಿದ್ದವು.

"ನಿಮಗ ಹಳೀ ಹತ್ತಿ ಬೇಕು, ನನ್ನ ಕಡೆ ಟ್ರಂಕ್ ತುಂಬ ಐತಿ. ಅಡ್ಡಾಡೂದು ಯಾಕ್ರಿ ಅಕ್ಕೋರ?" ಎಂದು ತಾನೇ ಹೇಳಿ ಕಳಿಸಿದಳು.

ಅತ್ತೆಗೆ ಒಪ್ಪಿಗೆಯಾಗಲಿಲ್ಲ. "ಮೈ ಹರಕೋತಿ, ನೀ ಏನ್ ಉಡತಿ ಬೇ?" ಎಂದು ಕೇಳಿದಳು.

"ನೈಟಿ ಹಾಕ್ಕೋತೀನ್ರಿ ಅತ್ತಿ. ಹೊಸಾ ಕಿಡ್ನಿ ಬಂದ ಮ್ಯಾಲೆ ತುರಿಕಿ ಎಲ್ಲೀದು? ಆವಾಗ ದಿನಾ ರೇಷ್ಮೀನ ಉಡತೀನಿ" ಅಂದಳು ಸೊಸೆ.

ಪದರುಗಳಿಗೆ ಅತ್ತೆಯ ಆ ಹಳೆಯ ಧೋತರಗಳ ಗಂಟು ಈಗ ಬೇಕಾಯಿತು. ಮೇಲಿನವೆಲ್ಲ ಸೊಸೆಯ ಸೀರೆಗಳು. ಆಯಿ ಕತ್ತರಿಸಿ ಹಾಸಿದಳು. ಈ ಸಲ ಸೂಜಿ ತಾನೇ ಓಡಿತು. ನಾಲ್ಕು ಮುಗಿದವು. ಐದನೆಯದಕ್ಕೆ ಮೇಲಿನ ಒಂದು ಪದರು ಕಡಿಮೆ ಬಿತ್ತು. ಸೊಸೆ ತನಗೆಂದು ಒಂದೇ ಒಂದು ಸೀರೆ ಉಳಿಸಿಕೊಂಡಿದ್ದಳು. ತಿಳಿನೀಲಿಯದು, ಸಣ್ಣ ಬಿಳಿ ಚುಕ್ಕೆ. ಅದನ್ನು ಉಟ್ಟು ಕೂತಿದ್ದಳು.

ಅದನ್ನು ಕೇಳಿದವಳು ನಾನು. "ಒಂದರ ಸಲುವಾಗಿ ಕೆಲಸ ನಿಲ್ಲತೈತಿ. ಬದಲಿ ಉಟ್ಕೊಂಡು ಬಾ, ಹೋಗು" ಎಂದೆ. ಆಯಿ ತಲೆ ಎತ್ತಿ ನನ್ನನ್ನು ನೋಡಿದಳು. ಸೊಸೆ ನಗುತ್ತಲೇ ಎದ್ದು ಹೋಗಿ ನೈಲಾನಿನ ನೈಟಿ ಹಾಕಿಕೊಂಡು ಸೀರೆ ಮಡಚಿ ತಂದಳು. ಇನ್ನೂ ಮೈಯ ಬಿಸಿ ಇತ್ತು ಅದರಲ್ಲಿ. ಆ ಐದನೆಯ ಕೌದಿಯನ್ನು ಆಕೆಯೂ ನಮ್ಮ ಜೊತೆ ಕೂತು ಹೊಲಿದಳು. ನಡುನಡುವೆ ಸೂಜಿ ಕೆಳಗಿಟ್ಟು ತೋಳು ಕೆರೆದುಕೊಳ್ಳುತ್ತಿದ್ದಳು. ತೋಳ ಮೇಲೆ ಕೆಂಪು ಗೆರೆ ಎದ್ದಿದ್ದವು. ನಾನು ಅದನ್ನು ನೋಡಿದೆ. ನೋಡಿಯೂ ಹೊಲಿಯುತ್ತಿದ್ದೆ.

ಕೊಳ್ಳುವವಳು ಕಾರು ತಗೊಂಡು ಊರಿಗೇ ಬಂದಳು. ಒಂದೊಂದನ್ನೂ ಬಿಸಿಲಿಗೆ ಹಾಸಿ ಫೋಟೋ ತೆಗೆದುಕೊಂಡಳು. ಮಾತಿಗೆ ತಪ್ಪಲಿಲ್ಲ, ಮೇಲೆ ಒಂದಿಷ್ಟು ಕೊಟ್ಟು ಸೊಸೆಯ ಕೈ ಹಿಡಿದು ಬೇಗ ಗುಣವಾಗಿ ಎಂದಳು. ಗಂಡ ಆಸ್ಪತ್ರೆಯಲ್ಲಿ ರೊಕ್ಕ ಕಟ್ಟಿ ಬಂದ. ಆಪರೇಶನ್ನಿಗೆ ದಿನ ಗೊತ್ತಾಯಿತು. ಓಣಿಯಲ್ಲಿ ನಾನು ತಲೆ ಎತ್ತಿ ತಿರುಗಿದೆ.

ಆ ದಿನಕ್ಕೆ ಇನ್ನೂ ಎಂಟು ದಿನ ಇರುವಾಗ ಆಕೆಗೆ ಜ್ವರ ಬಂತು. ಕೆರೆದುಕೊಂಡ ಗಾಯದಿಂದ ನಂಜು ಏರಿತೋ, ಡಯಾಲಿಸಿಸ್ಸಿನ ಸೂಜಿಯಿಂದ ಏರಿತೋ ಗೊತ್ತಾಗುವುದಿಲ್ಲ ಎಂದರು ಡಾಕ್ಟರು. ನಾನು ಅವರನ್ನು ಎರಡು ಸಲ ಕೇಳಿದೆ. ಎರಡು ಸಲವೂ ಅದನ್ನೇ ಹೇಳಿದರು. ನಾಲ್ಕನೆಯ ದಿನ ಹುಬ್ಬಳ್ಳಿಯಲ್ಲೇ ಜೀವ ಹೋಯಿತು. ತವರಿನವರು ಕೊನೆಯ ಸೀರೆ ತರುವುದು ನಮ್ಮ ಕಡೆಯ ಪದ್ಧತಿ. ಕಿಡ್ನಿ ಕೊಡಬೇಕಾಗಿದ್ದ ಅಕ್ಕ ಸೀರೆ ತಂದು ಉಡಿಸಿದಳು.

ಶಿವಗಣಾರಾಧನೆ ಮುಗಿದ ಮರುದಿನ ಆಯಿ ಸೂಜಿ ದಾರ ತಗೊಂಡು ಎದುರು ಮನೆಗೆ ಬಂದಳು. ತಾಯಿ ತೀರಿಕೊಂಡರೆ ಆಕೆ ಉಟ್ಟ ಸೀರೆಗಳಿಂದ ಮಗಳಿಗೊಂದು ಕೌದಿ ಹೊಲಿದು ಕೊಡುತ್ತಾರೆ. ಯಾರೂ ಕರೆಯಬೇಕಾಗಿಲ್ಲ, ಓಣಿಯ ಹೆಂಗಸರು ತಾವಾಗಿ ಹೋಗುತ್ತಾರೆ. ನಾನೂ ಹೋದೆ. ಇಷ್ಟು ದಿನ ನಮ್ಮಲ್ಲಿ ಒಬ್ಬರಿಗೂ ಇದರ ನೆನಪಾಗಿರಲಿಲ್ಲವೆಂದರೆ ನಂಬುವುದು ಕಷ್ಟ. ಬದುಕುತ್ತಾಳೆ ಎಂದುಕೊಂಡ ಮೇಲೆ ಯಾರು ನೆನೆಸುತ್ತಾರೆ.

ಅತ್ತೆ ಟ್ರಂಕು ತೆಗೆದಳು. ಮದುವೆಯ ರೇಷ್ಮೆ ಸೀರೆ ಇತ್ತು, ಯಾರದೋ ಮದುವೆಯಲ್ಲಿ ಬಂದ, ಇನ್ನೂ ಮಡಿಕೆ ಬಿಚ್ಚದ ಎರಡು ನೈಲಾನ್ ಸೀರೆ ಇದ್ದವು, ಮೂರು ನೈಟಿ ಇದ್ದವು. ಆಕೆ ಉಟ್ಟದ್ದು ಒಂದೂ ಇರಲಿಲ್ಲ. ಆಯಿ ಸೂಜಿಯನ್ನು ದಾರದ ಉಂಡೆಗೆ ಚುಚ್ಚಿ, ಎದ್ದು ಮನೆಗೆ ಹೋದಳು. ಉಳಿದವರೂ ಎದ್ದರು. ಒಬ್ಬರೂ ನನಗೆ ಏನೂ ಅನ್ನಲಿಲ್ಲ. ಅಂದಿದ್ದರೆ ಜಗಳವಾಡಿಯಾದರೂ ಹಗುರಾಗುತ್ತಿದ್ದೆ.

ಸಂಜೆ ಅತ್ತೆ ನನ್ನ ಬಾಗಿಲಿಗೆ ಬಂದಳು. "ಅಕ್ಕೋರ, ಕೌದಿ ಒಯ್ದೋರಿಗೆ ಒಂದು ಫೋನ್ ಹಚ್ಚತೀರೇನ್ರಿ? ಒಂದ ಒಂದು ಹೊಳ್ಳಿ ಕೊಟ್ರ ಸಾಕು. ರೊಕ್ಕ ಹೆಂಗರ ಮಾಡಿ ಕೊಡತೀವಿ, ಹುಡುಗಿ ಸಲುವಾಗಿ" ಅಂದಳು.

ಹಚ್ಚಿದೆ. ಆ ಬೆಂಗಳೂರಿನಾಕೆ ಕೆಟ್ಟವಳಲ್ಲ, ಸುದ್ದಿ ಕೇಳಿ ಅತ್ತುಬಿಟ್ಟಳು. ಆದರೆ ನಾಲ್ಕು ಕೌದಿಗಳನ್ನು ಪರದೇಶದ ಗೆಳತಿಯರಿಗೆ ಕಳಿಸಿಯಾಗಿತ್ತು. ಉಳಿದ ಒಂದನ್ನು ಮಗನ ಹೊಸ ಮನೆಗೆ ಕೊಟ್ಟಿದ್ದಳು, ಅದನ್ನು ಹೇಗೆ ತಿರುಗಿ ಕೇಳಲಿ ಎಂದಳು. ಫೋನಿಟ್ಟ ಮೇಲೆ ಒಂದು ಫೋಟೋ ಕಳಿಸಿದಳು. ದೊಡ್ಡ ಕೋಣೆ, ಬಿಳಿ ಗೋಡೆ, ಗೋಡೆಯ ಮೇಲೆ ಚೌಕಟ್ಟು ಕಟ್ಟಿಸಿ ತೂಗುಹಾಕಿದ ಐದನೆಯ ಕೌದಿ.

ತೋರಿಸಬಾರದಾಗಿತ್ತು. ಆದರೆ ಹುಡುಗಿ ಅಜ್ಜಿಯ ಬೆನ್ನಿಗೆ ಬಂದು ನಿಂತಿದ್ದಳು, ಕೈ ಚಾಚಿದಳು, ಕೊಟ್ಟೆ. ಎರಡು ಬೆರಳಿನಿಂದ ಫೋಟೋ ದೊಡ್ಡದು ಮಾಡಿ ಮೂಲೆಯಿಂದ ಮೂಲೆಗೆ ಸರಿಸುತ್ತ ಹುಡುಕಿದಳು.

"ಇದು ಹಸರದು. ದವಾಖಾನಿಗೆ ಹೋಗೂ ಮುಂದ ಉಡತಿದ್ಲು. ಇದು ನೀಲಿದು" ಅಂದಳು. ಆಮೇಲೆ, "ಇದನ್ನ ಅವರು ಹೊದ್ಕೊಳ್ಳಂಗಿಲ್ಲೇನ್ರಿ ಅಕ್ಕೋರ?" ಎಂದು ಕೇಳಿದಳು.

"ಇಲ್ಲವಾ, ಗೋಡಿಗೆ ಹಾಕ್ಯಾರ" ಎಂದೆ.

"ಗೋಡಿಗೇನು ಥಂಡಿ ಹತ್ತತೈತೇನ್ರಿ?"

ಅಜ್ಜಿ ಗದರಿಸಿ ಆಕೆಯ ಕೈಯಿಂದ ಫೋನು ಕಿತ್ತು ನನಗೆ ಕೊಟ್ಟು, ಕರೆದುಕೊಂಡು ಹೋದಳು. ನಾನು ಬಾಗಿಲಲ್ಲೇ ನಿಂತಿದ್ದೆ. ಆ ಹುಡುಗಿಗೆ ತಾಯಿಯನ್ನು ಉಳಿಸಿಕೊಡುತ್ತೇನೆಂದು ಹೊರಟವಳು ತಾಯಿಯ ಒಂದು ಸೀರೆಯನ್ನೂ ಉಳಿಸಲಿಲ್ಲ.