ಗಡಿಯ ರೊಪ್ಪ, ಅಪ್ಪನ ಪ್ರಶ್ನೆ

ದೆಹಲಿಯ ಸಂಶೋಧನಾ ಸಂಸ್ಥೆಯೊಂದಕ್ಕೆ ಸೇರಿ ನನಗೆ ಆಗ ಎರಡನೆಯ ವರ್ಷ. ದೇಶದ ಉತ್ತರ ಗಡಿಯ ಭದ್ರತೆಯ ಬಗ್ಗೆ ಸರ್ಕಾರಕ್ಕೆ ಕೊಡಬೇಕಾದ ವರದಿ ಸಿದ್ಧವಾಗುತ್ತಿತ್ತು. ಅದನ್ನು ಬರೆಯುತ್ತಿದ್ದವರು ಹೆಸರುವಾಸಿಯಾದ ಹಿರಿಯ ತಜ್ಞರು. ಅಡಿಟಿಪ್ಪಣಿ ನೋಡುವುದು ನನ್ನ ಕೆಲಸ.

ಎತ್ತರದ ಕಣಿವೆಯೊಂದನ್ನು ಕುರಿಗಾಹಿಗಳು ಬಿಟ್ಟುಹೋಗಿದ್ದಾರೆ, ಅಲ್ಲಿನ ಜನರಿಗೆಂದು ಇನ್ನು ಖರ್ಚು ಬೇಡ ಎಂದು ಕರಡಿನಲ್ಲಿತ್ತು. ಅದಕ್ಕೆ ಸಾಕ್ಷಿ ಪ್ರವಾಸಿಯೊಬ್ಬ ತೆಗೆದ ಫೋಟೊ: ಕುರಿ ಕೂಡುವ ಕಲ್ಲುಗೋಡೆಯ ರೊಪ್ಪ, ಸುತ್ತ ಒಂದು ನರಪಿಳ್ಳೆಯೂ ಇಲ್ಲ.

ರಜೆಗೆ ಹಿರಿಯೂರಿನ ಹತ್ತಿರದ ನಮ್ಮ ಊರಿಗೆ ಬಂದಾಗ ಆ ಫೋಟೊದ ಪ್ರತಿ ನನ್ನ ಚೀಲದಲ್ಲಿತ್ತು. ಬದುಕೆಲ್ಲ ಕುರಿಯ ಹಿಂದೆ ನಡೆದ ಅಪ್ಪ ಅದನ್ನು ಕಣ್ಣಿಂದ ದೂರ ಹಿಡಿದು ನೋಡಿದ.

"ಇದ್ಯಾವ ಸೀಮೆ ರೊಪ್ಪ, ಮಗ್ಳೆ?"

"ಹಿಮಾಲಯದ ಕಡೇದು. ಜನ ಬಿಟ್ಟು ಹೋಗ್ಯಾರಂತೆ."

"ಯಾರಂದ್ರು?"

"ನಮ್ಮ ಆಫೀಸಿನ ದೊಡ್ಡೋರು."

ಅಪ್ಪ ರೊಪ್ಪದ ಬಾಯಿಯ ಮೇಲೆ ಬೆರಳಿಟ್ಟ. "ಇಲ್ನೋಡು, ಕಲ್ಲು ಒಟ್ಟಿ ಮುಚ್ಚ್ಯಾರೆ. ಬಿಟ್ಟು ಹೋಗೋರು ಇಷ್ಟು ಮೈ ನೋಯಿಸ್ಕಳ್ಳಲ್ಲ. ತಿರುಗಿ ಬರೋರು ಮಾಡೋ ಕೆಲ್ಸ ಇದು. ಯಾವ ತಿಂಗ್ಳಾಗೆ ತೆಗ್ದಿದ್ದು?"

ನನಗೆ ಗೊತ್ತಿರಲಿಲ್ಲ. ನಮ್ಮಲ್ಲಿ ಯಾರೂ ಆ ಪ್ರಶ್ನೆ ಕೇಳಿರಲೇ ಇಲ್ಲ.

ದೆಹಲಿಗೆ ಮರಳಿದ ವಾರವೇ ಕರಡಿನ ಚರ್ಚೆ. ನಾನು ಕೈ ಎತ್ತಿದೆ. ಅಪ್ಪ ಹೇಳಿದ್ದನ್ನು ಹೇಳಿದೆ. ಒಬ್ಬರು ನಕ್ಕರು. "ಇದನ್ನು ಹೇಳಿದ ತಜ್ಞರು ಯಾರು?" ಎಂದು ಹಿರಿಯರು ಕೇಳಿದರು.

"ನಮ್ಮಪ್ಪ. ಕುರಿ ಕಾಯುತ್ತಾರೆ," ಎಂದೆ. ಅಷ್ಟು ದಿನ ಆ ಕಟ್ಟಡದಲ್ಲಿ ಯಾರಿಗೂ ಹೇಳಿರದ ಮಾತು ಅದು. ಹೇಳಿದ ಮೇಲೆ ಬೆನ್ನು ತಾನಾಗಿ ನೆಟ್ಟಗಾಯಿತು.

ಹಿರಿಯರು ನಗಲಿಲ್ಲ. ವಿಚಾರಿಸಿದಾಗ ಫೋಟೊ ಚಳಿಗಾಲದ ಮೊದಲಲ್ಲಿ, ಕುರಿಗಾಹಿಗಳು ತಗ್ಗಿನ ಊರುಗಳಿಗೆ ಇಳಿದ ಮೇಲೆ ತೆಗೆದದ್ದೆಂದು ತಿಳಿಯಿತು. ವರದಿಯನ್ನು ತಡೆಹಿಡಿದು, ಬೇಸಿಗೆಯಲ್ಲಿ ನನ್ನನ್ನೂ ಇನ್ನೊಬ್ಬರನ್ನೂ ಅಲ್ಲಿಗೆ ಕಳಿಸಿದರು. ಕಣಿವೆಯ ತುಂಬ ಕುರಿ, ಡೇರೆ, ಹೊಗೆ. ಗುಡ್ಡದಾಚೆಯಿಂದ ಯಾರು ಬಂದರು, ಯಾವ ದಾರಿಯಲ್ಲಿ ಹೋದರು ಎಂಬುದೆಲ್ಲ ಆ ಕುರಿಗಾಹಿಗಳಿಗೆ ಬಾಯಿಪಾಠ. ಅವರು ವರ್ಷವರ್ಷವೂ ಬರುವಂತೆ ಮೇವು, ಪಶುವೈದ್ಯರ ವ್ಯವಸ್ಥೆಯಾಗಬೇಕು, ಗಡಿಗೆ ಅದೂ ಒಂದು ಕಾವಲು ಎಂದು ವರದಿ ಬದಲಾಯಿತು. ಆ ಅಧ್ಯಾಯವನ್ನು ನಾನೇ ಬರೆದೆ.

ಅಚ್ಚಾದ ವರದಿಯ ಮೊದಲ ಪುಟಗಳಲ್ಲಿ ಹಿರಿಯರು ಒಂದು ಸಾಲು ಸೇರಿಸಿದ್ದರು: ಹಿರಿಯೂರು ತಾಲ್ಲೂಕಿನ ಕುರಿಗಾಹಿಯೊಬ್ಬರಿಗೆ ಕೃತಜ್ಞತೆ. ಊರಿಗೆ ತಂದು ಕನ್ನಡದಲ್ಲಿ ಓದಿ ಹೇಳಿದೆ.

"ನಂದೇನೈತೆ ಅದ್ರಾಗೆ? ಕಂಡಿದ್ದು ಹೇಳ್ದೆ," ಎಂದ ಅಪ್ಪ. ಆಮೇಲೆ, "ಅಲ್ಲಿ ಕುರಿ ಯಾವ ತಳಿವು?" ಎಂದು ಕೇಳಿದ.

ಅವ್ವ ಮಾತ್ರ ಪುಸ್ತಕ ಕಸಿದುಕೊಂಡು ಪಕ್ಕದ ಮನೆಗೆ ಹೋದಳು. ಅವಳಿಗೆ ಓದು ಬಾರದು. ಆ ಸಾಲು ಎಲ್ಲಿದೆಯೆಂದು ಹೋಗುವ ಮುಂಚೆ ನನ್ನನ್ನು ಎರಡು ಸಲ ಕೇಳಿ ತಿಳಿದುಕೊಂಡಿದ್ದಳು.